ಹೊಟ್ಟೆಯಲ್ಲಿ ‘ಪಾಲಿಪ್’ ಅಂದ್ರೆ ಕ್ಯಾನ್ಸರಾ? ಗಾಬರಿ ಬೇಡ, ಬಯಾಪ್ಸಿ ರಿಪೋರ್ಟ್ ಮರೀಬೇಡಿ

ಹಂದನಕೆರೆ: ಎದೆ ಉರಿ, ಹೊಟ್ಟೆ ಉಬ್ಬರ, ಊಟ ಸೇರಲ್ಲ. ನಮ್ಮ ಕಡೆ ಇದಕ್ಕೆಲ್ಲ ಒಂದೇ ಹೆಸರು ‘ಗ್ಯಾಸ್ಟ್ರಿಕ್’. ಅಂಗಡಿ ಬಿಟ್ಟು ಹೋಗೋಕಾಗಲ್ಲ, ತೋಟದ ಕೆಲಸ ಇದೆ ಅಂತ ಮೆಡಿಕಲ್ ಸ್ಟೋರ್ ಮಾತ್ರೆಯಲ್ಲೇ ದಿನ ತಳ್ಳುವವರಿದ್ದಾರೆ. ಕೊನೆಗೆ ತುಮಕೂರಿಗೋ ಬೆಂಗಳೂರಿಗೋ ಹೋಗಿ ಎಂಡೋಸ್ಕೋಪಿ ಮಾಡಿಸಿದಾಗ ರಿಪೋರ್ಟ್‌ನಲ್ಲಿ ‘ಪಾಲಿಪ್’ ಅಂತ ಇದ್ದರೆ ಮನೆಯವರೆಲ್ಲ ಹೆದರುತ್ತಾರೆ.

ಪಾಲಿಪ್ ಎಂದರೇನು?
ಜಠರದ ಒಳಪದರದಲ್ಲಿ ಏಳುವ ಸಣ್ಣ ಗಂಟು. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಮುಖ್ಯವಾಗಿ ಮೂರು ಬಗೆ:

* ಫಂಡಿಕ್ ಗ್ಲ್ಯಾಂಡ್ ಪಾಲಿಪ್: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಹೆಚ್ಚು. ಕ್ಯಾನ್ಸರ್ ಆಗುವುದು ತೀರಾ ಅಪರೂಪ.
* ಹೈಪರ್‌ಪ್ಲಾಸ್ಟಿಕ್ ಪಾಲಿಪ್: ಎಚ್. ಪೈಲೋರಿ ಬ್ಯಾಕ್ಟೀರಿಯಾದಿಂದ ಜಠರ ಬಹುಕಾಲ ಕೆಟ್ಟಿದ್ದಾಗ ಬರುತ್ತದೆ. ಬ್ಯಾಕ್ಟೀರಿಯಾಕ್ಕೆ ಔಷಧ ಕೊಟ್ಟರೆ ಕೆಲವು ಕರಗುತ್ತವೆ. 1 ಸೆಂ.ಮೀ. ದಾಟಿದರೆ ಸಾಮಾನ್ಯವಾಗಿ ತೆಗೆಸಲು ಹೇಳುತ್ತಾರೆ.
* ಅಡಿನೋಮ: ಎಚ್ಚರಿಕೆ ಬೇಕಾದದ್ದು ಇದಕ್ಕೇ. ಬಿಟ್ಟರೆ ಕ್ಯಾನ್ಸರ್‌ಗೆ ತಿರುಗಬಹುದು, ತೆಗೆಸಬೇಕು.

ಯಾವ ಬಗೆ ಅಂತ ಬರೀ ನೋಡಿ ಖಚಿತವಾಗಿ ಹೇಳಲಾಗದು. ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ರಿಪೋರ್ಟ್ ಬರಲು ಕೆಲವು ದಿನ ಬೇಕು. ಬಸ್ ಚಾರ್ಜು, ಒಂದು ದಿನದ ವ್ಯಾಪಾರ ಹೋಗುತ್ತೆ ಅಂತ ಅದನ್ನು ತರೋದು ಬಿಡಬೇಡಿ. ನಿಜವಾದ ಉತ್ತರ ಇರೋದು ಅದರಲ್ಲೇ.

ಆರಂಭದಲ್ಲೇ ಸಿಕ್ಕರೆ
ಕ್ಯಾನ್ಸರ್ ಜಠರದ ಒಳಗಿನ ಮೊದಲ ಪದರಗಳನ್ನು ದಾಟಿರದಿದ್ದರೆ ಅದು ಆರಂಭಿಕ ಹಂತ. ಕೆಲವರಿಗೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಲ್ಲೇ ತೆಗೆಯಬಹುದು. ಜಪಾನ್‌ನಲ್ಲಿ ಈ ಹಂತದಲ್ಲಿ ಚಿಕಿತ್ಸೆ ಪಡೆದ 10ರಲ್ಲಿ 9ಕ್ಕೂ ಹೆಚ್ಚು ಮಂದಿ 5 ವರ್ಷ ದಾಟಿ ಬದುಕುತ್ತಾರೆ. ಆದರೆ ಎಲ್ಲವೂ ಗಂಟಿನಂತೆ ಕಾಣಲ್ಲ, ಸಣ್ಣ ಹುಣ್ಣಿನಂತೆಯೂ ಇರಬಹುದು. ಮಾತ್ರೆಯಿಂದ ಉರಿ ಕಡಿಮೆಯಾದರೆ ಕಾಯಿಲೆ ಮರೆಯಲ್ಲೇ ಉಳಿಯಬಹುದು.

ತಡ ಮಾಡಬೇಡಿ
ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದರೆ, ರಕ್ತಹೀನತೆ ಇದ್ದರೆ ಬೇಗ ತೋರಿಸಿ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬೀಡಿ, ಸಿಗರೇಟು ಬಿಡಿ. ಡಾಕ್ಟರ್ ಬರೆದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೇಳಿ.

ಮೊದಲು ಚಿಕ್ಕನಾಯಕನಹಳ್ಳಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಎಂದಾದರೆ ಬೆಂಗಳೂರಿನಲ್ಲಿ ಸರ್ಕಾರಿ ಕಿದ್ವಾಯಿ ಆಸ್ಪತ್ರೆ ಇದೆ. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವುಂಟು. ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.