ವಿದ್ಯುದೀಕೃತ ಗ್ರಾಮ: ಭಾರತದಲ್ಲಿ ವ್ಯಾಖ್ಯೆಯ ಇತಿಹಾಸ

ಒಂದು ಊರಿಗೆ ಕರೆಂಟ್ ಬಂದಿದೆ ಎಂದು ಸರ್ಕಾರಿ ಲೆಕ್ಕದಲ್ಲಿ ಬರೆದುಕೊಳ್ಳಲು ಏನೇನಿರಬೇಕು ಎಂಬ ನಿಯಮ. ವಿದ್ಯುತ್ ನೀತಿಯ ಪ್ರಗತಿಯನ್ನು ಬಹುಕಾಲ ಇದರಿಂದಲೇ ಅಳೆಯಲಾಗಿದೆ. ನಿಯಮ ಎರಡು ಸಲ ಬದಲಾದ್ದರಿಂದ, ಬೇರೆ ಬೇರೆ ದಶಕಗಳ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟ ಕೋಷ್ಟಕಗಳನ್ನು ನಂಬುವಂತಿಲ್ಲ.

1997ರ ಅಕ್ಟೋಬರ್‌ವರೆಗೆ ಗ್ರಾಮದ ಕಂದಾಯ ಎಲ್ಲೆಯೊಳಗೆ ಯಾವ ಕೆಲಸಕ್ಕಾದರೂ ವಿದ್ಯುತ್ ಬಳಕೆಯಾದರೆ ಸಾಕಿತ್ತು. ಊರಾಚೆಯ ತೋಟದ ಬಾವಿಗೆ ಒಂದು ಪಂಪ್‌ಸೆಟ್ ಕೂತರೆ, ಮನೆಗಳಲ್ಲಿ ಬುಡ್ಡಿದೀಪವೇ ಉರಿಯುತ್ತಿದ್ದರೂ, ಊರು ವಿದ್ಯುದೀಕೃತ! ಆಮೇಲೆ ಬಳಕೆ ಜನವಸತಿಯೊಳಗೇ ಇರಬೇಕೆಂದಾಯಿತು. 2004ರ ಫೆಬ್ರವರಿಯ ಆದೇಶ ಇನ್ನಷ್ಟು ಬಿಗಿಯಾಯಿತು: ಊರಿನಲ್ಲೂ ದಲಿತ ಕೇರಿಯಲ್ಲೂ ಟ್ರಾನ್ಸ್‌ಫಾರ್ಮರ್ ಮತ್ತು ತಂತಿ, ಶಾಲೆ, ಪಂಚಾಯಿತಿ ಕಚೇರಿ, ಆಸ್ಪತ್ರೆಗಳಿಗೆ ಸಂಪರ್ಕ, ಜೊತೆಗೆ ಕನಿಷ್ಠ ಶೇ. 10 ಮನೆಗಳಿಗೆ ಬೆಳಕು. ಹಳೆಯ ಲೆಕ್ಕದಲ್ಲಿ ಬೆಳಗಿದ್ದ ಎಷ್ಟೋ ಊರುಗಳು ಮತ್ತೆ ಕತ್ತಲೆಯ ಪಟ್ಟಿಗೆ ಸರಿದವು. ಆದರೂ ನೂರು ಮನೆಗಳ ಊರಿನಲ್ಲಿ ತೊಂಬತ್ತು ಕತ್ತಲಲ್ಲಿದ್ದರೂ ನಿಯಮಕ್ಕೆ ಚ್ಯುತಿಯಿಲ್ಲ. ದಿನಕ್ಕೆ ಎಷ್ಟು ತಾಸು ಕರೆಂಟ್ ಇರಬೇಕೆಂಬ ಮಾತೇ ಅದರಲ್ಲಿಲ್ಲ.

2005ರ ರಾಷ್ಟ್ರೀಯ ವಿದ್ಯುತ್ ನೀತಿ ಐದು ವರ್ಷಗಳಲ್ಲಿ ಎಲ್ಲ ಮನೆಗಳಿಗೂ ವಿದ್ಯುತ್, 2012ರೊಳಗೆ ತಲಾ 1,000 ಯೂನಿಟ್ ಲಭ್ಯತೆ ಎಂದು ಗುರಿಯಿಟ್ಟಿತು. 2011ರ ಜನಗಣತಿಯಲ್ಲಿ ದೀಪಕ್ಕೆ ವಿದ್ಯುತ್ ಬಳಸುತ್ತಿದ್ದ ಮನೆಗಳು ಶೇ. 67 ಮಾತ್ರ. ತಲಾ ಲೆಕ್ಕ ಸಾವಿರ ದಾಟಿದ್ದು 2014–15ರಲ್ಲಿ. ಅದನ್ನು ‘ಬಳಕೆ’ ಎಂದು ಕರೆದರೂ ದಾರಿಯಲ್ಲಿ ಸೋರಿಹೋಗುವ ವಿದ್ಯುತ್ತೂ ಅದರೊಳಗೇ ಸೇರಿರುತ್ತದೆ.

2015ರಲ್ಲಿ ಉಳಿದ 18,452 ಗ್ರಾಮಗಳಿಗೆ ಸಾವಿರ ದಿನಗಳ ಗಡುವು ಘೋಷಣೆಯಾಯಿತು. ಹೋಗಿ ನೋಡಿದಾಗ ಸಾವಿರಕ್ಕೂ ಹೆಚ್ಚು ಗ್ರಾಮಗಳಲ್ಲಿ ಜನವಸತಿಯೇ ಇರಲಿಲ್ಲ. ಕೆಲವು ಬರೀ ಗೋಮಾಳ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್‌ಗೆ ಸಂಪರ್ಕ ಸಿಕ್ಕಿ ಪಟ್ಟಿ ಮುಗಿಯಿತು. ಎಣಿಕೆಯ ಘಟಕ ಊರಿನಿಂದ ಮನೆಗೆ ಬದಲಾದದ್ದು 2017ರ ‘ಸೌಭಾಗ್ಯ’ ಯೋಜನೆಯಲ್ಲಿ. 2022ರ ಮಾರ್ಚ್‌ನಲ್ಲಿ ಅದು ಮುಗಿಯುವ ಹೊತ್ತಿಗೆ ಹೊಸ ಸಂಪರ್ಕ ಪಡೆದಿದ್ದ ಮನೆಗಳು 2.86 ಕೋಟಿ. ಅವುಗಳಲ್ಲಿ ಬಹುಪಾಲು ಇದ್ದದ್ದು ಅದಾಗಲೇ ವಿದ್ಯುದೀಕೃತವೆನಿಸಿದ ಊರುಗಳಲ್ಲಿ.