ಕರಾರಿನ ಆಚೆ ಕೂತವರು

ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ 1920ರಲ್ಲಿ ಅಚ್ಚಾಯಿತು. ಅದರಿಂದ ಆಕೆಗೆ ಸಿಕ್ಕಿದ್ದು 25 ಪೌಂಡ್, ಅದೂ ಧಾರಾವಾಹಿ ಹಕ್ಕಿನ ಅರ್ಧಪಾಲು. ಕರಾರಿನ ಪ್ರಕಾರ ಗೌರವಧನ ಶುರುವಾಗುವುದು 2,000 ಪ್ರತಿ ಮಾರಾಟವಾದ ಮೇಲೆ. ಮುಂದಿನ ಐದು ಪುಸ್ತಕಗಳೂ ಪ್ರಕಾಶಕ ಜಾನ್ ಲೇನ್‌ಗೇ ಸೇರಬೇಕು. ಪುಸ್ತಕ ಬರುತ್ತದೆಂಬ ಸಂತೋಷದಲ್ಲೇ ಆಕೆ ಸಹಿ ಹಾಕಿದ್ದರು. 1882ರ ಕಾಯ್ದೆ ಇಂಗ್ಲೆಂಡಿನ ವಿವಾಹಿತೆಗೆ ತನ್ನ ಗಳಿಕೆಯ ಒಡೆತನ ಕೊಟ್ಟಿತ್ತು, ಚೌಕಾಸಿಯ ಅನುಭವ ಕೊಟ್ಟಿರಲಿಲ್ಲ. ಆ ಕೊರತೆ ತುಂಬಿದವರು ಹ್ಯೂಸ್ ಮ್ಯಾಸ್ಸಿ ಎಂಬ ಸಾಹಿತ್ಯ ಏಜೆನ್ಸಿಯ ಎಡ್ಮಂಡ್ ಕಾರ್ಕ್. ಅವರ ಮೂಲಕ 1924ರಲ್ಲಿ ಕಾಲಿನ್ಸ್ ಪ್ರಕಾಶನ ಸಂಸ್ಥೆ ಮೂರು ಪುಸ್ತಕಗಳಿಗೆ ತಲಾ 200 ಪೌಂಡ್ ಮುಂಗಡ ಕೊಡಲು ಒಪ್ಪಿತು.

ಅಷ್ಟರಲ್ಲಿ ಆಕೆಯ ಹೆಸರು ಬೆಳೆದಿತ್ತು, ಏಜೆಂಟನ ಹೆಚ್ಚುಗಾರಿಕೆ ಏನು ಎನ್ನಬಹುದು. ಹೆಸರು ಬೆಳೆದದ್ದು ನಿಜ. ಆದರೆ ಹೆಸರೊಂದೇ ಸಾಕಾಗಿದ್ದರೆ ಹಳೆಯ ಕರಾರು 1925ರ ಆರನೆಯ ಪುಸ್ತಕದವರೆಗೆ ಆಕೆಯನ್ನು ಕಟ್ಟಿಹಾಕುತ್ತಿರಲಿಲ್ಲ. ಪ್ರತಿಭೆ ಓದುಗರನ್ನು ಗಳಿಸುತ್ತದೆ; ಆ ಓದುಗರ ಬೆಲೆಯನ್ನು ಕಾಗದದ ಮೇಲೆ ಬರೆಸುವುದು ಬೇರೆಯದೇ ವಿದ್ಯೆ. ಏಜೆಂಟರು ಬಾಗಿಲು ಕಾಯುವವರೂ ಹೌದೆಂಬ ಆಕ್ಷೇಪ ಇದಕ್ಕಿಂತ ಗಟ್ಟಿ, ಅದನ್ನು ತಳ್ಳಿಹಾಕಲಾರೆ: ಕ್ರಿಸ್ಟಿ ಹರೆಯದಲ್ಲಿ ಬರೆದ ಕಾದಂಬರಿಯನ್ನು ಹಿಂದಿರುಗಿಸಿದವರು ಇದೇ ಏಜೆನ್ಸಿಯ ಸ್ಥಾಪಕ ಮ್ಯಾಸ್ಸಿ. ಆತ ತೀರಿಕೊಂಡ ಮೇಲೆಯೇ ಆಕೆ ಕಾರ್ಕ್ ಎದುರು ಕೂತದ್ದು. ಆ ನಂಟು ದಶಕಗಳ ಕಾಲ ಉಳಿಯಿತು.