ಐದು ಪೌಂಡ್ ದಂಡ

1919ರ ವಸಂತಕಾಲ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಎಗ್ಲಾಂಟೈನ್ ಜೆಬ್ ಎಂಬಾಕೆ ಕರಪತ್ರ ಹಂಚುತ್ತಿದ್ದರು. ಅದರಲ್ಲಿ ಆಸ್ಟ್ರಿಯಾದ ಒಂದು ಮಗುವಿನ ಫೋಟೊ. ವಯಸ್ಸು ಎರಡೂವರೆ, ತಲೆಗೆ ತಕ್ಕಂತೆ ಮೈ ಬೆಳೆದಿಲ್ಲ, ಕೈಕಾಲು ಕಡ್ಡಿ. ಯುದ್ಧ ನಿಂತು ತಿಂಗಳುಗಳಾಗಿದ್ದರೂ ಸೋತ ದೇಶಗಳ ಮೇಲಿನ ದಿಗ್ಬಂಧನ ಪೂರ್ತಿ ತೆರವಾಗಿರಲಿಲ್ಲ. ಶತ್ರುವಿನ ಕೂಸಿಗೆ ಹಾಲು ಕೊಡಿ ಎನ್ನುವುದು ಆ ದಿನಗಳಲ್ಲಿ ದೇಶದ್ರೋಹಕ್ಕೆ ಹತ್ತಿರದ ಮಾತು.

ಪೊಲೀಸರು ಜೆಬ್‌ರನ್ನು ಹಿಡಿದರು. ಸೆನ್ಸಾರ್‌ಗೆ ತೋರಿಸದೆ ಅಚ್ಚು ಹಾಕಿಸಿದ್ದು ಯುದ್ಧಕಾಲದ ಕಾನೂನಿನಲ್ಲಿ ಅಪರಾಧ. ಕೋರ್ಟಿನಲ್ಲಿ ತಾವೇ ವಾದಿಸಿದರು, ಸೋತರು. ದಂಡ 5 ಪೌಂಡ್. ಆ ಮೊತ್ತವನ್ನು ಅವರ ಕೈಗಿತ್ತವರು ಬೇರೆ ಯಾರೂ ಅಲ್ಲ, ಸರ್ಕಾರದ ಪರ ವಾದಿಸಿದ್ದ ಸರ್ ಆರ್ಚಿಬಾಲ್ಡ್ ಬಾಡ್ಕಿನ್! ಅದೇ ವರ್ಷದ ಮೇ 19ರಂದು ಆಲ್ಬರ್ಟ್ ಹಾಲ್‌ನ ಸಭೆಯಲ್ಲಿ ಜೆಬ್ ಮತ್ತು ತಂಗಿ ಡೊರೊಥಿ ಬಕ್ಸ್‌ಟನ್ 'ಸೇವ್ ದ ಚಿಲ್ಡ್ರನ್' ನಿಧಿಗೆ ಚಾಲನೆ ಕೊಟ್ಟರು. 1921ರ ರಷ್ಯಾ ಬರಗಾಲದಲ್ಲಿ ಅದು ಸರಾತೊವ್ ಪ್ರಾಂತ್ಯದ ಲಕ್ಷಾಂತರ ಮಕ್ಕಳಿಗೆ ಅನ್ನ ಹಾಕಿತು.

ಹಾಗೆಂದು ಜೆಬ್ ಮಕ್ಕಳನ್ನು ಕಂಡರೆ ಎತ್ತಿ ಮುದ್ದಾಡುವ ಪೈಕಿಯಲ್ಲ. ಟೀಚರ್ ಕೆಲಸ ಒಗ್ಗದೆ ಬಿಟ್ಟು ಬಂದವರು. ಅದಕ್ಕೇ ಇರಬೇಕು, ಅವರು ಮರುಕವನ್ನಷ್ಟೇ ನೆಚ್ಚಿ ಕೂರದೆ ನಿಯಮದ ಬೆನ್ನು ಹತ್ತಿದರು. ಮನುಕುಲ ಮಕ್ಕಳಿಗೆ ಏನು ಕೊಡಬೇಕು ಎಂಬುದನ್ನು ಐದೇ ಅಂಶಗಳಲ್ಲಿ ಬರೆದರು. 1924ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಸಂಘ ಅದನ್ನು ಜಿನೀವಾ ಘೋಷಣೆಯಾಗಿ ಒಪ್ಪಿಕೊಂಡಿತು. ಸಂಕಟ ಬಂದಾಗ ಪರಿಹಾರ ಮೊದಲು ಮಗುವಿಗೇ ಸಲ್ಲಬೇಕು ಎನ್ನುವುದು ಮೂರನೆಯ ಅಂಶ. 1959ರಲ್ಲಿ ವಿಶ್ವಸಂಸ್ಥೆ ಹೊಸ ಘೋಷಣೆ ಬರೆದಾಗ ಇದೇ ಮಾತು ಸವೆದು, 'ಮೊದಲಿಗರಲ್ಲಿ ಮಗುವೂ ಒಂದು' ಎಂದಾಯಿತು. ರಾಜತಾಂತ್ರಿಕರ ಕತ್ತರಿ ಎಷ್ಟು ಮೆತ್ತಗೆ ಆಡುತ್ತದೆ ನೋಡಿ.

ಕಾನೂನಿನ ಬಲ ಬಂದದ್ದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಿಂದ. ಭಾರತ ಅದನ್ನು 1992ರಲ್ಲಿ ಒಪ್ಪಿತು. ಶಾಂತಿ, ಸಹನೆಯ ಮನೋಭಾವ ಬೆಳೆಸುವ ಶಿಕ್ಷಣ ಅದರ 29ನೇ ವಿಧಿಯಲ್ಲಿದೆ. ನೊಬೆಲ್ ಶಾಂತಿ ಪುರಸ್ಕೃತರ ಮನವಿಯ ಮೇರೆಗೆ 2001ರಿಂದ 2010ರವರೆಗಿನ ಅವಧಿಯನ್ನು ಜಗತ್ತಿನ ಮಕ್ಕಳಿಗಾಗಿ ಶಾಂತಿ ಮತ್ತು ಅಹಿಂಸೆಯ ಸಂಸ್ಕೃತಿಯ ದಶಕವೆಂದು ವಿಶ್ವಸಂಸ್ಥೆ ಸಾರಿತು. ಆ ದಶಕದ ಮೊದಲ ವರ್ಷದಲ್ಲೇ ಅಫ್ಘಾನಿಸ್ತಾನದ ಯುದ್ಧ ಶುರುವಾಯಿತು.

ಒಡಂಬಡಿಕೆಯಲ್ಲೇ ಒಂದು ಬಿರುಕಿತ್ತು: 15 ತುಂಬಿದವರು ನೇರ ಕಾಳಗಕ್ಕೆ ಇಳಿಯುವುದನ್ನು ಅದು ತಡೆಯಲಿಲ್ಲ. 2000ರ ಐಚ್ಛಿಕ ಒಪ್ಪಂದ ಈ ಗಡಿಯನ್ನು 18ಕ್ಕೆ ಏರಿಸಿತು. ಆದರೆ ತಾವಾಗಿ ಸೇನೆಗೆ ಸೇರಬಯಸುವವರನ್ನು 16ಕ್ಕೇ ತೆಗೆದುಕೊಳ್ಳಲು ಸರ್ಕಾರಗಳಿಗೆ ಅವಕಾಶ ಉಳಿಯಿತು. ಜೆಬ್‌ಗೆ ದಂಡ ಹಾಕಿದ ದೇಶದ ಸೇನೆ, ಪೋಷಕರ ಸಹಿಯಿದ್ದರೆ ಹದಿನಾರರ ಹುಡುಗ ಹುಡುಗಿಯರನ್ನು ಈಗಲೂ ಸೇರಿಸಿಕೊಳ್ಳುತ್ತದೆ.